ಯಜಮಾನ್ರ ಬಣ್ಣ

ಗೋಸುಂಬೆ ಎನ್ನುವುದು ನಮ್ಮ ಭಾಷೆಯಲ್ಲಿ ಪ್ರಾಣಿಯ ಹೆಸರಿಗಿಂತ ಹೆಚ್ಚಾಗಿ ಬೈಗುಳವಾಗಿ ಚಾಲ್ತಿಯಲ್ಲಿದೆ. ಚುನಾವಣೆ ಹತ್ತಿರ ಬಂದರೆ ಸಾಕು, ಪತ್ರಿಕೆಗಳ ತುಂಬ ಗೋಸುಂಬೆಗಳೇ, ಊಸರವಳ್ಳಿಗಳೇ. ಪಕ್ಷ ಬದಲಿಸಿದವನಿಗೂ ಅದೇ ಬಿರುದು, ಕೊಟ್ಟ ಮಾತಿಗೆ ತಪ್ಪಿದವನಿಗೂ ಅದೇ ಬಿರುದು. ಬೈಯುವವರಲ್ಲಿ ಎಷ್ಟು ಜನ ನಿಜವಾದ ಗೋಸುಂಬೆಯನ್ನು ಹತ್ತಿರದಿಂದ ನೋಡಿದ್ದಾರೋ ಗೊತ್ತಿಲ್ಲ. ಬೇಲಿಯ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತವನ್ನೇ ಗೋಸುಂಬೆ ಅಂದುಕೊಂಡವರು ಬೇಕಾದಷ್ಟಿದ್ದಾರೆ. ಓತಿಕ್ಯಾತ ಓಡುತ್ತದೆ. ಗೋಸುಂಬೆ ಓಡುವುದಿಲ್ಲ. ಒಂದು ಹೆಜ್ಜೆ ಮುಂದಿಟ್ಟು, ಇಡಲೋ ಬೇಡವೋ ಎಂದು ಹಿಂದೆ ಮುಂದೆ ತೂಗಿ, ಆಮೇಲೆ ಇನ್ನೊಂದು ಹೆಜ್ಜೆ ಇಡುತ್ತದೆ. ‘ಕರ್ವಾಲೊ’ ಓದಿದವರಿಗೆ ಹಾರುವ ಓತಿಯೂ ಗೊತ್ತು. ಅದರ ಕುಲವೇ ಬೇರೆ. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಬಗೆಯ ಗೋಸುಂಬೆಗಳಿವೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಡಗಾಸ್ಕರ್‌ನಲ್ಲೇ ಇವೆ. ನಮ್ಮ ಭಾರತದ ಪಾಲಿಗೆ ಬಂದಿರುವುದು ಒಂದೇ ಜಾತಿ.

ತಿಪಟೂರು ಕಡೆಯ ನಮ್ಮೂರಿನ ಕತ್ತಾಳೆ ಬೇಲಿಯಲ್ಲಿ ಆ ಒಂದು ಜಾತಿ ಆಗಾಗ ಕಾಣುತ್ತಿತ್ತು. ಕಂಡ ಕೂಡಲೇ ಹುಡುಗರು ಕಲ್ಲು ಹುಡುಕುತ್ತಿದ್ದರು. ಅದು ಕಚ್ಚಿದರೆ ಉಳಿಗಾಲವಿಲ್ಲ ಎಂದು ದೊಡ್ಡವರೇ ಹೆದರಿಸಿದ್ದರಲ್ಲ. ವಿಷವೇ ಇಲ್ಲದ ಪ್ರಾಣಿ ಅದು. ಈಗ ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಹಿಡಿಯುವಂತಿಲ್ಲ, ಮನೆಯಲ್ಲಿ ಸಾಕುವಂತಿಲ್ಲ. ಅಮೆರಿಕದ ಕಥೆ ಬೇರೆ. ಇಲ್ಲಿ ಯೆಮೆನ್, ಸೌದಿ ಅರೇಬಿಯಾ ಮೂಲದ ಒಂದು ಜಾತಿಯನ್ನು ಪಂಜರದಲ್ಲೇ ಮರಿ ಮಾಡಿಸಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಮಾರುತ್ತಾರೆ. ತಲೆಯ ಮೇಲೆ ಶಿಖರದಂಥ ಎತ್ತರದ ಮೂಳೆ ಇರುವ ಹಸಿರು ಗೋಸುಂಬೆ. ಅಂಥದ್ದೊಂದು 2023ರ ನವೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ನಮ್ಮ ಮನೆಗೆ ಬಂತು. ನನ್ನ ಮಗಳ ಗೆಳತಿಯ ಮನೆಯವರು ಬೇರೆ ರಾಜ್ಯಕ್ಕೆ ಹೊರಟಿದ್ದರು. ಪಂಜರ, ದೀಪ, ಅರ್ಧ ಡಬ್ಬಿ ಹುಳದ ಸಮೇತ ಅದನ್ನು ನಮ್ಮ ಬಾಗಿಲಿಗೆ ತಂದಿಟ್ಟು ಹೋದರು. ಹೆಸರು ಪಿಕಲ್ ಅಂತೆ.

ಅಮ್ಮ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಇದ್ದ ಅಪ್ಪ ಅದೇ ಅಕ್ಟೋಬರ್ ಕೊನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಕೆಇಬಿಯಲ್ಲಿ ಲೈನ್‌ಮನ್ ಆಗಿ 34 ವರ್ಷ ದುಡಿದ ಮನುಷ್ಯ. ಕೆಇಬಿ ಹೋಗಿ ಬೆಸ್ಕಾಂ ಬಂದರೂ ಅವರ ಬಾಯಲ್ಲಿ ಇನ್ನೂ ಕೆಇಬಿಯೇ. ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ನೋಡಿದರು. “ಉಪ್ಪಿನಕಾಯಿ ಅಂತ ಹೆಸರಿಡ್ತಾರೇನವ್ವ ಯಾರಾದ್ರೂ? ಪೇಟ ಬೇರೆ ಕಟ್ಕೊಂಡೈತೆ. ಇವ್ರು ಯಜಮಾನ್ರು” ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಯಜಮಾನ್ರೇ. ಮಗಳು ಮಾತ್ರ ಪಿಕಲ್ ಅನ್ನುತ್ತಿದ್ದಳು.

ಯಜಮಾನ್ರಿಗೆ ಹುಷಾರಿರಲಿಲ್ಲ. ಅದು ತಿಳಿಯುವುದಕ್ಕೆ ನಾಲ್ಕು ದಿನ ಸಾಕಾಯಿತು. ಗೋಸುಂಬೆ ಹಗಲಲ್ಲಿ ನಿದ್ದೆ ಮಾಡುವುದಿಲ್ಲ; ಹಗಲು ಕಣ್ಣು ಮುಚ್ಚಿದೆ ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಇದು ಮಧ್ಯಾಹ್ನ ಕಣ್ಣು ಮುಚ್ಚುತ್ತಿತ್ತು. ಕೊಂಬೆ ಬಿಟ್ಟು ಪಂಜರದ ತಳದಲ್ಲಿ ಕೂರುತ್ತಿತ್ತು. ಮುಂಗಾಲುಗಳು ಬಿಲ್ಲಿನ ಹಾಗೆ ಬಾಗಿದ್ದವು. ಎದುರಿಗೇ ಹುಳ ಹರಿದರೂ ಬಾಯಿ ತೆರೆದು ನಾಲಿಗೆಯ ತುದಿ ತೋರಿಸಿ ಹಾಗೇ ಮುಚ್ಚಿಕೊಳ್ಳುತ್ತಿತ್ತು. ತನ್ನ ಮೈಯ ಒಂದೂವರೆ ಪಟ್ಟು ಉದ್ದಕ್ಕೆ ನಾಲಿಗೆ ಚಿಮ್ಮಿಸಿ ಬೇಟೆಯಾಡುವ ಪ್ರಾಣಿ, ಎರಡು ಬೆರಳು ದೂರದ ಹುಳವನ್ನು ಸುಮ್ಮನೆ ನೋಡುತ್ತ ಕೂತಿತ್ತು.

ಹಲ್ಲಿ ಹಾವು ನೋಡುವ ಪಶುವೈದ್ಯರು ಎಲ್ಲ ಕಡೆ ಇರುವುದಿಲ್ಲ. ನಲವತ್ತು ನಿಮಿಷ ದೂರದಲ್ಲಿ ಒಬ್ಬ ವೈದ್ಯೆ ಸಿಕ್ಕರು. ಯಜಮಾನ್ರನ್ನು ಶೂ ಡಬ್ಬಿಯಲ್ಲಿ ಟವೆಲ್ ಹಾಸಿ ಕೂರಿಸಿ, ಹೊರಗಿನ ಚಳಿ ತಾಗದಂತೆ ಮಗಳು ತನ್ನ ಜಾಕೆಟ್ಟಿನ ಒಳಗಿಟ್ಟುಕೊಂಡಳು. ಅಪ್ಪನೂ ಹೊರಟರು. ತೂಕ 62 ಗ್ರಾಂ. ವೈದ್ಯೆ ಕೆಳದವಡೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿದರು. ಅದು ರಬ್ಬರಿನ ಹಾಗೆ ಒಳಗೆ ಹೋಯಿತು. ಎಕ್ಸ್‌ರೇಯಲ್ಲಿ ಮೂಳೆಗಳು ಬಿಳಿಯಾಗಿ ಕಾಣಬೇಕಿತ್ತು. ಮಂಜಿನಲ್ಲಿ ಕಂಡಂತೆ ಮಸುಕಾಗಿದ್ದವು. ಪಕ್ಕೆಲುಬಿನಲ್ಲೊಂದು, ಹಿಂಗಾಲಿನಲ್ಲೊಂದು ಹಳೆಯ ಬಿರುಕು.

ಕಾಯಿಲೆಯ ಲೆಕ್ಕ ಸರಳ. ಚರ್ಮಕ್ಕೆ ಬಿಸಿಲಿನ ಯುವಿಬಿ ಕಿರಣ ತಾಗಿದರೆ ಮೈಯಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಸ್ನಾಯು ಅಲುಗಲು, ಎದೆ ಬಡಿಯಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು, ಆದ್ದರಿಂದ ದೇಹ ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ಸೂರಿನ ಗಳ ಹಿರಿದು ಒಲೆ ಉರಿಸಿದ ಹಾಗೆ. ಹಿಂದಿನ ಮನೆಯವರು ಪಂಜರವನ್ನು ದಕ್ಷಿಣದ ಕಿಟಕಿಗೆ ಇಟ್ಟಿದ್ದರಂತೆ, ಬಿಸಿಲು ಚೆನ್ನಾಗಿ ಬೀಳುತ್ತಿತ್ತಂತೆ. ಕಿಟಕಿಯ ಗಾಜು ಬೆಳಕನ್ನೂ ಶಾಖವನ್ನೂ ಬಿಟ್ಟು ಯುವಿಬಿಯನ್ನು ಹೊರಗೇ ನಿಲ್ಲಿಸುತ್ತದೆ.

ಇದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಲು ನಾನು ಒದ್ದಾಡುತ್ತಿದ್ದೆ. “ಬೆಳಕು ಬಂತು, ಬಿಸಿನೂ ಬಂತು, ಇನ್ನೇನು ಬರ್ಲಿಲ್ಲ?” ಎಂದು ಕೇಳಿದವರು ತಾವೇ ಉತ್ತರ ಹುಡುಕಿಕೊಂಡರು. “ಗೊತ್ತಾತು ಬಿಡು. ಟೆಸ್ಟರ್ ಉರೀತೈತೆ, ಮೋಟ್ರು ತಿರುಗಲ್ಲ.”

ವೈದ್ಯೆ ಮಗಳ ಮುಖ ನೋಡಿ ಮಾತು ಆರಿಸಿಕೊಂಡು ಹೇಳಿದರು. ಬಾಗಿದ ಮೂಳೆ ಮತ್ತೆ ನೇರವಾಗುವುದಿಲ್ಲ. ನೋವಿಲ್ಲದೆ ಕಳಿಸಿಕೊಡುವ ದಾರಿಯೂ ಇದೆ. ಬೇಡ ಅನ್ನುವುದಾದರೆ ಆರು ವಾರ ಔಷಧಿ ಹಾಕಿ ನೋಡೋಣ. ನಾಲಿಗೆ ಮತ್ತೆ ಚಿಮ್ಮಿದರೆ ಬದುಕುತ್ತದೆ. ಮಗಳು ಆರು ವಾರ ಅಂದಳು. ಬಿಲ್ಲು 340 ಡಾಲರ್. ಕಾರಿನಲ್ಲಿ ಹಿಂದೆ ಕೂತ ಅಪ್ಪ ಸ್ವಲ್ಪ ಹೊತ್ತು ಬೆರಳು ಮಡಿಸಿ, “ಇಪ್ಪತ್ತೆಂಟು ಸಾವ್ರ” ಅಂದರು. ಆಮೇಲೆ ಮಾತಾಡಲಿಲ್ಲ.

ಮರುದಿನದಿಂದ ಅಪ್ಪ ಡ್ಯೂಟಿಗೆ ಹಾಜರು. ನಾವಿಬ್ಬರೂ ಆಫೀಸಿಗೆ, ಮಗಳು ಶಾಲೆಗೆ ಹೋದರೆ ಇಡೀ ದಿನ ಮನೆಯಲ್ಲಿ ಇರುತ್ತಿದ್ದವರು ಅವರಿಬ್ಬರೇ. ಮೊದಲ ಕೆಲಸ ದೀಪ. ಉದ್ದನೆಯ ಟ್ಯೂಬ್‌ಲೈಟಿನಂಥ ಯುವಿಬಿ ದೀಪ ತರಿಸಿದೆ. ಎತ್ತರ ಎಷ್ಟಿರಬೇಕು, ಅಡಿಯಲ್ಲಿ ಕೊಂಬೆ ಎಷ್ಟು ದೂರ ಎಂದೆಲ್ಲ ಅಳೆದು ಅವರೇ ಕೂರಿಸಿದರು. ಈ ದೀಪದ ಒಂದು ಕುತಂತ್ರವೆಂದರೆ, ಕಣ್ಣಿಗೆ ಚೆನ್ನಾಗಿ ಉರಿಯುತ್ತಲೇ ಇದ್ದರೂ ಯುವಿಬಿ ತಿಂಗಳು ಕಳೆದಂತೆ ಇಳಿಯುತ್ತ ಹೋಗುತ್ತದೆ. ವರ್ಷದೊಳಗೆ ಬದಲಿಸಬೇಕು. ಅಪ್ಪ ಮಾರ್ಕರ್ ಪೆನ್ನು ಕೇಳಿ ಇಸಿದುಕೊಂಡು ಟ್ಯೂಬಿನ ಹಿತ್ತಾಳೆ ಅಂಚಿನ ಮೇಲೆ ತಾರೀಖು ಬರೆದರು, ಕನ್ನಡ ಅಂಕಿಯಲ್ಲಿ.

ಎರಡನೆಯದು ಕೊಂಬೆ. ಗೋಸುಂಬೆಯ ಪಾದ ಇಕ್ಕಳದಂತೆ, ಒಂದು ಕಡೆ ಎರಡು ಬೆರಳು, ಇನ್ನೊಂದು ಕಡೆ ಮೂರು. ಯಜಮಾನ್ರ ಹಿಡಿತ ಜಾರುತ್ತಿತ್ತು, ರಾತ್ರಿ ಬೀಳುವ ಸದ್ದಾಗುತ್ತಿತ್ತು. “ಕಂಬ ನುಣ್ಣಗಿದ್ರೆ ಯಾವನೂ ಹತ್ತಕ್ಕಾಗಲ್ಲ” ಎಂದು ಅಪ್ಪ ನನ್ನನ್ನು ತೋಟಗಾರಿಕೆ ಸಾಮಾನಿನ ಅಂಗಡಿಗೆ ಹೊರಡಿಸಿದರು. ಅಲ್ಲಿ ಅವರಿಗೆ ತೆಂಗಿನ ನಾರು ಸಿಕ್ಕಿತು! ಹೂಕುಂಡದ ಒಳಗೆ ಹಾಸಲು ಮಾರುವ ನಾರು. ತಿಪಟೂರಿನಿಂದ ಅಷ್ಟು ದೂರ ಬಂದು ಅದನ್ನು ಆರು ಡಾಲರ್ ಕೊಟ್ಟು ಕೊಳ್ಳುವುದು ಅವರಿಗೆ ದೊಡ್ಡ ಅವಮಾನದಂತೆ ಕಂಡರೂ ಮುಖ ಅರಳಿತ್ತು. ಎರಡು ದಿನ ಕೂತು ಹುರಿ ಹೊಸೆದು ಕೊಂಬೆಗಳಿಗೆ ಸುತ್ತಿದರು. ಎಲ್ಲ ಕೊಂಬೆಗಳನ್ನೂ ಕೆಳಗಿಳಿಸಿ, ತಳಕ್ಕೆ ಹಳೆಯ ಟವೆಲ್ ಹಾಸಿದರು. ಬಿದ್ದರೂ ಪೆಟ್ಟಾಗಬಾರದು.

ಔಷಧಿ ಹಾಕುವುದು ಮಾತ್ರ ಇಬ್ಬರ ಕೆಲಸ. ದಿನಕ್ಕೆರಡು ಸಲ, ಸೂಜಿಯಿಲ್ಲದ ಸಿರಿಂಜಿನಲ್ಲಿ ಕ್ಯಾಲ್ಸಿಯಂ ಸಿರಪ್ಪು. ದವಡೆ ಮೆತ್ತಗಿರುವುದರಿಂದ ಬಲವಂತವಾಗಿ ಬಾಯಿ ಬಿಡಿಸುವಂತಿಲ್ಲ. ಉಪಾಯ ಒಂದೇ: ಸಿಟ್ಟು ಬರಿಸುವುದು. ಗೋಸುಂಬೆಗೆ ಸಿಟ್ಟು ಬಂದರೆ ಗಂಟಲು ಉಬ್ಬಿಸಿ, ಬುಸ್ಸೆಂದು ಬಾಯಿ ತೆರೆಯುತ್ತದೆ. ಆ ಕ್ಷಣದಲ್ಲಿ ತೊಟ್ಟು ಬಿಡಬೇಕು. ಅಪ್ಪ ಎದುರು ನಿಂತು ಬೆರಳಾಡಿಸಿ “ಏನ್ ಯಜಮಾನ್ರೇ, ಏನ್ ಸಮಾಚಾರ” ಎಂದು ಕೆಣಕುವುದು, ಅದು ಬಾಯಿ ಬಿಡುವುದು, ನಾನು ಪಕ್ಕದಿಂದ ಹಾಕುವುದು. ಮೊದಲ ವಾರ ಅದಕ್ಕೆ ಸಿಟ್ಟು ಬರುವಷ್ಟೂ ತ್ರಾಣ ಇರಲಿಲ್ಲ. ಎರಡನೇ ವಾರ ಅದು ನಮ್ಮ ಮೇಲೆ ಬುಸುಗುಟ್ಟಿದಾಗ ಮನೆಯಲ್ಲಿ ಹಬ್ಬ.

ಊಟಕ್ಕೆ ಕ್ರಿಕೆಟ್ ಹುಳ. ಹುಳಕ್ಕೆ ಮೊದಲು ಸೊಪ್ಪು, ಕ್ಯಾರೆಟ್ ತಿನ್ನಿಸಿ ಹೊಟ್ಟೆ ತುಂಬಿಸಬೇಕು, ಆಮೇಲೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ಪ್ಲಾಸ್ಟಿಕ್ ಕವರಿಗೆ ಹುಳವನ್ನೂ ಪುಡಿಯನ್ನೂ ಹಾಕಿ ಕಡಲೆಪುರಿ ಕುಲುಕಿದಂತೆ ಅಪ್ಪ ಕುಲುಕುತ್ತಿದ್ದರು. ಹೊರಬಂದ ಹುಳಗಳು ಮೈಯೆಲ್ಲ ವಿಭೂತಿ ಬಳಿದುಕೊಂಡ ಹಾಗಿರುತ್ತಿದ್ದವು. ನಾಲಿಗೆ ಚಿಮ್ಮದ ಯಜಮಾನ್ರಿಗೆ ಅದನ್ನು ಚಿಮಟದಲ್ಲಿ ಹಿಡಿದು ಬಾಯಿ ಹತ್ತಿರವೇ ಒಯ್ಯಬೇಕು. ನೀರೂ ಬಟ್ಟಲಲ್ಲಿಟ್ಟರೆ ಅದರ ಕಣ್ಣಿಗೆ ಬೀಳುವುದಿಲ್ಲ. ಎಲೆಯ ಮೇಲಿನ ಹನಿಯನ್ನಷ್ಟೇ ಕುಡಿಯುತ್ತದೆ. ದಿನಕ್ಕೆರಡು ಹೊತ್ತು ನೀರು ಚಿಮುಕಿಸಬೇಕು. ಉಳಿದ ಹುಳಗಳು ಡಬ್ಬಿಯಲ್ಲಿ ರಾತ್ರಿಯೆಲ್ಲ ಕಿರ್‍ರೋ ಅನ್ನುತ್ತಿದ್ದವು. ನನ್ನ ಗಂಡ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದರೆ, ಬಂದಾಗಿನಿಂದ ನಿದ್ದೆ ಬರುತ್ತಿಲ್ಲ ಅನ್ನುತ್ತಿದ್ದ ಅಪ್ಪ ಡಬ್ಬಿಯನ್ನು ತಮ್ಮ ಕೋಣೆಗೇ ಒಯ್ದರು. “ಮಳೆಗಾಲದಾಗೆ ತೋಟದ ಮನೇಲಿ ಮಲಗಿದಂಗೈತೆ ಕಣವ್ವ.”

ಬಣ್ಣದ ವಿಷಯಕ್ಕೆ ಬರುತ್ತೇನೆ. ಗೋಸುಂಬೆ ಅಡಗಿಕೊಳ್ಳುವುದಕ್ಕೇ ಬಣ್ಣ ಬದಲಿಸುತ್ತದೆ ಎಂದು ನಾವು ಓದಿದ್ದೇವೆ. ಹೆಚ್ಚಿನ ಬದಲಾವಣೆ ಇನ್ನೊಂದು ಗೋಸುಂಬೆಗೆ ಸುದ್ದಿ ಮುಟ್ಟಿಸುವುದಕ್ಕೆ, ಮೈ ಬಿಸಿ ಮಾಡಿಕೊಳ್ಳುವುದಕ್ಕೆ. ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರ್‌ನ ಗೋಸುಂಬೆಯೊಂದನ್ನು ಅಭ್ಯಾಸ ಮಾಡಿ 2015ರಲ್ಲಿ ಪ್ರಕಟಿಸಿದ ಪ್ರಕಾರ, ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳಿವೆ. ಹರಳುಗಳ ನಡುವಿನ ಅಂತರ ಹಿಗ್ಗಿದರೆ ಒಂದು ಬಣ್ಣ, ಕುಗ್ಗಿದರೆ ಇನ್ನೊಂದು. ಶಾಂತವಾಗಿದ್ದಾಗ ಹರಳುಗಳು ಒತ್ತಾಗಿ ಕೂತು ಮೈ ಹಸಿರಾಗುತ್ತದೆ. ಕೆರಳಿದಾಗ ದೂರ ಸರಿದು ಹಳದಿ, ಕೆಂಪು. ಮನಸ್ಸಲ್ಲಿದ್ದದ್ದನ್ನು ಮೈಮೇಲೆ ಬರೆದುಕೊಂಡು ತಿರುಗುವ ಈ ಪ್ರಾಣಿಯನ್ನು ನಾವು ಮೋಸಗಾರರ ಸಾಲಿಗೆ ಸೇರಿಸಿದ್ದೇವೆ. ಆದರೆ ಅದು ನಿಜಕ್ಕೂ ಮುಚ್ಚಿಡುವ ಒಂದು ಸಂಗತಿ ಇದೆ. ಕಾಯಿಲೆ. ಕಾಡಿನಲ್ಲಿ ಸೋತವನಂತೆ ಕಂಡರೆ ಹದ್ದೋ ಹಾವೋ ಕಾದಿರುತ್ತದೆ. ಆದ್ದರಿಂದ ತೀರ ಕೈಲಾಗದವರೆಗೂ ಚೆನ್ನಾಗಿದ್ದಂತೆಯೇ ನಿಂತಿರುತ್ತದೆ. “ಇವು ನಾಟಕದಲ್ಲಿ ನಿಪುಣರು, ದಿನವೂ ನೋಡಿ, ಬರೆದಿಡಿ” ಎಂದಿದ್ದರು ವೈದ್ಯೆ.

ಬರೆದಿಡುವುದನ್ನು ಅಪ್ಪನಿಗೆ ಹೇಳಿಕೊಡಬೇಕೇ? ಗೋಡೆಯ ಕ್ಯಾಲೆಂಡರು ಸಬ್‌ಸ್ಟೇಷನ್ನಿನ ಲಾಗ್‌ಬುಕ್ಕಾಯಿತು. ‘೮.೧೦ ಕಂದು. ೧೧ ಹಸಿರು, ಅರ್ಧ. ಹುಳ ೩. ನೀರು ಕುಡಿತು. ಕಣ್ಣು ಮುಚ್ಚಿಲ್ಲ.’ ಮಗಳಿಗೆ ಕನ್ನಡ ಮಾತು ಬರುತ್ತಿತ್ತು, ಓದು ಇಲ್ಲ. ಶಾಲೆಯಿಂದ ಬಂದವಳು ಕ್ಯಾಲೆಂಡರಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೇಳಿ ಕೇಳಿ ಓದುತ್ತಿದ್ದಳು. ನಾನು ನಾಲ್ಕು ವರ್ಷ ದುಡ್ಡು ಕೊಟ್ಟು ಕಳಿಸಿದ ಭಾನುವಾರದ ಕನ್ನಡ ತರಗತಿಯಲ್ಲಿ ಬಾರದ ಕಾಗುಣಿತ ಒಂದು ಗೋಸುಂಬೆಯಿಂದ ಬಂತು.

ಡಿಸೆಂಬರ್ ಹೊತ್ತಿಗೆ ಇಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಇರುವಷ್ಟು ಹೊತ್ತೂ ಓರೆಯಾಗಿ ಬೀಳುವ ಆ ಬಿಸಿಲಿನಲ್ಲಿ ಯುವಿಬಿ ಇಲ್ಲವೆನ್ನುವಷ್ಟು ಕಡಿಮೆ. ಮನೆಯಲ್ಲಿ ಸರಿಯಾದ ಬಿಸಿಲು ಸಿಗುತ್ತಿದ್ದವರು ಯಜಮಾನ್ರೊಬ್ಬರೇ.

ಜನವರಿಯ ಎರಡನೇ ವಾರ, ಬೆಳಿಗ್ಗೆ ಕಾಫಿ ಕುಡಿಯುತ್ತ ಪಂಜರ ನೋಡುತ್ತಿದ್ದೆ. ಎರಡು ತಿಂಗಳಿಂದ ಒಂದು ಪ್ರಾಣಿಯ ಕೈ, ಕಾಲು, ಹಿಡಿತ, ಕೂರುವ ಜಾಗ ನೋಡಿ ನೋಡಿ ಕಣ್ಣಿಗೆ ಅದೇ ಚಾಳಿಯಾಗಿತ್ತು. ಅದೇ ಕಣ್ಣು ಅಪ್ಪನ ಕಡೆ ಹೊರಳಿತು. ಅಪ್ಪ ನಿಂತುಕೊಂಡೇ ಉಪ್ಪಿಟ್ಟು ತಿನ್ನುತ್ತಿದ್ದರು. ನಿನ್ನೆಯೂ ನಿಂತೇ ತಿಂದಿದ್ದರು. ನೆಲದ ಮೇಲಿರುತ್ತಿದ್ದ ಹುಳದ ಡಬ್ಬಿ ಮೂರು ದಿನದಿಂದ ಮೇಜಿನ ಮೇಲಿತ್ತು. ಕೇಳಿದ್ದಕ್ಕೆ “ಮಗೀಗೆ ಕೈಗೆ ಸಿಗ್ಲಿ ಅಂತ” ಅಂದಿದ್ದರು. ಮೆಟ್ಟಿಲು ಇಳಿಯುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಕಂಬದ ಮೇಲೆ ಒಂದು ಕೈ ಬಿಟ್ಟು ಬೀಡಿ ಹಚ್ಚುತ್ತಿದ್ದ ಮನುಷ್ಯ.

“ಅಪ್ಪ, ಏನಾಗಿದೆ ನಿಂಗೆ?”

“ಏನಿಲ್ಲ ಕಣವ್ವ. ಚಳಿಗೆ ಸ್ವಲ್ಪ ಹಿಡ್ಕೊಂಡೈತೆ.”

ಬ್ಯಾಗು ಹೆಗಲಿಗೇರಿಸುತ್ತಿದ್ದ ಮಗಳು ಅಲ್ಲೇ ನಿಂತಳು. “ತಾತ, ಪಿಕಲ್ ಕೂಡ ಹೀಗೇ ಮಾಡ್ತಿತ್ತು” ಅಂದಳು.

ಆಮೇಲೆ ಬಾಯಿ ಬಿಟ್ಟರು. ಕ್ರಿಸ್‌ಮಸ್ ಕಳೆದ ವಾರ ನಾವಿಲ್ಲದಾಗ ಬಾಗಿಲ ಮುಂದಿನ ಹಿಮ ತಳ್ಳಲು ಹೋಗಿದ್ದರಂತೆ. ಸಲಿಕೆ ಎತ್ತಿದಾಗ ಬೆನ್ನಲ್ಲಿ ಏನೋ ಚಟ್ ಅಂತಂತೆ. ಎರಡು ವಾರದಿಂದ ರಾತ್ರಿ ಹೊರಳಲು ಆಗುತ್ತಿಲ್ಲ. ಊರಿಂದ ತಂದ ನೋವಿನ ಮಾತ್ರೆ ಮುಗಿದಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ ಉತ್ತರವಿಲ್ಲ. ತುಂಬ ಹೊತ್ತು ಬಿಟ್ಟು, ಪಂಜರದ ಕಡೆ ನೋಡುತ್ತ, “ಅದ್ಕೇ ಇಪ್ಪತ್ತೆಂಟು ಸಾವ್ರ ತಗೊಂಡ್ರು. ನಂಗೆಷ್ಟು ತಗೋತಾರೋ. ಏಪ್ರಿಲ್‌ಗೆ ಊರಿಗ್ ಹೋಗಿ ತೋರಿಸ್ಕೊಂಡ್ರಾತು ಅಂತಿದ್ದೆ” ಅಂದರು.

ವಿದೇಶಕ್ಕೆ ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆಲ್ಲ ಈ ಲೆಕ್ಕ ಗೊತ್ತಿರುತ್ತದೆ. ಪ್ರಯಾಣದ ವಿಮೆ ಎಂದೊಂದು ಮಾಡಿಸಿರುತ್ತೇವೆ. ಮೊದಲಿಂದ ಇದ್ದ ಕಾಯಿಲೆ ಎಂದು ಅವರು ಬೆರಳು ತೋರಿಸಿದರೆ ಅದು ಕಾಗದ ಅಷ್ಟೇ. ನಾನು ವಿಮೆಯವರೊಂದಿಗೆ ಫೋನಿನಲ್ಲಿ ವಾದ ಮಾಡಿದ್ದನ್ನು ಅವರು ಅಕ್ಟೋಬರ್‌ನಲ್ಲೇ ಕೇಳಿಸಿಕೊಂಡಿದ್ದರು. ಇಂಗ್ಲಿಷು ಬಾರದಿದ್ದರೂ ದುಡ್ಡಿನ ಮಾತು ಯಾವ ಭಾಷೆಯಲ್ಲೂ ತಿಳಿಯುತ್ತದೆ.

ಅಂದೇ ಕರೆದುಕೊಂಡು ಹೋದೆ. ಕಂಪ್ಯೂಟರಿನ ಪರದೆಯ ಮೇಲೆ ಬೆನ್ನುಮೂಳೆಯ ಎಕ್ಸ್‌ರೇ ತೋರಿಸಿ ವೈದ್ಯರು ಒಂದು ಬಿಲ್ಲೆ ಕುಸಿದಿರುವುದನ್ನು ಪೆನ್ನಿನಲ್ಲಿ ಗುರುತಿಸಿದರು. ನಾನು ಅನುವಾದ ಮಾಡುವ ಮೊದಲೇ ಅಪ್ಪ, “ಇನ್ಸುಲೇಟರ್ ಸರದಾಗೆ ಒಂದು ಚೀನಿ ಒಡೆದಂಗೈತೆ” ಅಂದರು. ಅದಕ್ಕಿಂತ ಸರಿಯಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಮೂಳೆ ಸವೆದಿದೆ, ರಕ್ತದಲ್ಲಿ ವಿಟಮಿನ್ ಡಿ ತೀರ ಕಡಿಮೆ. ಬೆನ್ನಿಗೆ ಬೆಲ್ಟು, ಕ್ಯಾಲ್ಸಿಯಂ, ವಿಟಮಿನ್ ಡಿ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ತುಮಕೂರಿನಲ್ಲಿ ಎರಡು ವರ್ಷದ ಹಿಂದೆಯೇ ವಾರಕ್ಕೊಂದರಂತೆ ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದರಂತೆ. ಅಮ್ಮ ಹೋದ ಮೇಲೆ ನೆನಪಿಸುವವರಿಲ್ಲದೆ ನಿಂತಿತ್ತು. ಬಿಸಿಲಲ್ಲೇ ಬದುಕು ಕಳೆದವನಿಗೆ ಬಿಸಿಲಿನ ವಿಟಮಿನ್ ಕಡಿಮೆ ಎಂದರೆ ಯಾರು ನಂಬುತ್ತಾರೆ ಎಂಬುದು ಅವರ ವಾದ. ಬಿಲ್ಲನ್ನು ನಾನು ತೋರಿಸಲಿಲ್ಲ. ಕೇಳಿದರು, “ಯಜಮಾನ್ರಿಗಿಂತ ಕಡಿಮೆ” ಅಂದೆ. ಅವರು ನಂಬಲಿಲ್ಲ, ನಾನು ಮತ್ತೆ ಹೇಳಲೂ ಇಲ್ಲ.

ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಮಗಳ ಫೋನಿನಲ್ಲಿ ಒಂದೇ ಅಲಾರಂ ಇಬ್ಬರಿಗೂ. ಮೊದಲು ಸಿರಿಂಜು, ಆಮೇಲೆ ಮಾತ್ರೆ. ಅಪ್ಪನ ಮಾತ್ರೆಯ ಸರದಿ ಬಂದಾಗ ಮಗಳು ಎದುರು ನಿಂತು ಬೆರಳಾಡಿಸಿ “ಏನ್ ಯಜಮಾನ್ರೇ, ಏನ್ ಸಮಾಚಾರ” ಅನ್ನುತ್ತಿದ್ದಳು. ಅಪ್ಪ ಬುಸ್ ಅಂದು ಬಾಯಿ ತೆರೆಯುತ್ತಿದ್ದರು.

ವೈದ್ಯೆ ಹೇಳಿದ ಆರು ವಾರ ಎಂದೋ ದಾಟಿತ್ತು. ತೂಕ 62ರಿಂದ 81 ಗ್ರಾಂ ಆಗಿತ್ತು, ದವಡೆ ಗಟ್ಟಿಯಾಗಿತ್ತು. ಬಣ್ಣವೂ ಬಂದಿತ್ತು, ಹಸಿರಿನ ಮೇಲೆ ಹಳದಿ ಪಟ್ಟೆ. ನಾಲಿಗೆ ಮಾತ್ರ ಬರಲಿಲ್ಲ. ಚಿಮಟದ ತುದಿಯಿಂದ ಕಿತ್ತುಕೊಂಡು ಅಗಿಯುವುದೇ ಸೈ. ಮಗಳು ಕೇಳುವುದನ್ನು ಬಿಟ್ಟಿದ್ದಳು. ಅಪ್ಪ ಮಾತ್ರ ದಿನವೂ ಒಂದು ಹುಳವನ್ನು ಎದುರಿನ ಕೊಂಬೆಯ ಮೇಲೆ, ಒಂದು ಗೇಣು ದೂರಕ್ಕೆ ಬಿಟ್ಟು ಕುರ್ಚಿಯಲ್ಲಿ ಕಾಯುತ್ತಿದ್ದರು. ಬೆಲ್ಟು ಕಟ್ಟಿಕೊಂಡು ನೆಟ್ಟಗೆ ಕೂತ ಅಪ್ಪ, ಕೊಂಬೆ ಹಿಡಿದು ಸೊಟ್ಟಗೆ ಕೂತ ಅದು. ಅದರ ಒಂದು ಕಣ್ಣು ಹುಳದ ಮೇಲೆ, ಇನ್ನೊಂದು ಕಣ್ಣು ಅಪ್ಪನ ಮೇಲೆ.

ಫೆಬ್ರವರಿಯಲ್ಲಿ ಒಂದು ಸಂಜೆ ಆಫೀಸಿನಿಂದ ಬಂದಾಗ ಅಪ್ಪ ಮಲಗಿದ್ದರು. ಮಗಳು ಕ್ಯಾಲೆಂಡರಿನ ಮುಂದೆ ನಿಂತಿದ್ದಳು. ಅಂದಿನ ಚೌಕದಲ್ಲಿ ಬಣ್ಣವಿಲ್ಲ, ಹುಳದ ಲೆಕ್ಕವಿಲ್ಲ. ‘೨.೪೦. ನಾಲಿಗೆ ಬಂತು’ ಎಂದಷ್ಟೇ ಇತ್ತು. ಅವಳು ಯಾರನ್ನೂ ಕೇಳದೆ ಓದಿದಳು. ಮತ್ತೆ ಓದಿದಳು. ಮರುದಿನ ಶನಿವಾರ, ನಾವೆಲ್ಲ ಉಸಿರು ಬಿಗಿಹಿಡಿದು ಕೂತಾಗ ಯಜಮಾನ್ರು ಎರಡು ಗಂಟೆ ನಮ್ಮನ್ನು ಕಾಯಿಸಿ, ನಾನು ಒಲೆಯ ಮೇಲಿನ ಹಾಲು ನೋಡಲು ಎದ್ದ ಕ್ಷಣದಲ್ಲಿ ಹೊಡೆದರಂತೆ. ನಾನು ನೋಡಿದ್ದು ಅದಾದ ನಾಲ್ಕನೇ ದಿನ. ನೋಡಿದೆ ಅನ್ನುವುದೂ ತಪ್ಪೇ; ಹುಳ ಇತ್ತು, ಆಮೇಲೆ ಇರಲಿಲ್ಲ.

ಏಪ್ರಿಲ್‌ನಲ್ಲಿ ಅಪ್ಪ ಊರಿಗೆ ಹೋದರು. ಕಾಲುಗಳು ಬಾಗಿದ್ದು ಬಾಗಿದಂತೆಯೇ ಇವೆ, ಯಜಮಾನ್ರು ಕೊಂಬೆಯ ಮೇಲೆ ಮೊಣಕೈ ಊರಿದವರ ಹಾಗೆ ನಡೆಯುತ್ತಾರೆ. ನಾರಿನ ಹುರಿ ಒಂದೆರಡು ಕಡೆ ಬಿಚ್ಚಿದೆ, ನನಗೆ ಅದನ್ನು ಸರಿಯಾಗಿ ಸುತ್ತಲು ಬರುವುದಿಲ್ಲ. ನವೆಂಬರ್ ಮೊದಲ ವಾರ ಅಪ್ಪ ಫೋನ್ ಮಾಡಿದರು. ತೋಟದ ಬೇಲಿಯ ಮೇಲೆ ಒಂದು ಗೋಸುಂಬೆ ಕಂಡಿತಂತೆ. ಹುಡುಗರು ಕಲ್ಲೆತ್ತಿದ್ದರಂತೆ, ಬೈದು ಓಡಿಸಿದರಂತೆ. “ಬಣ್ಣ ಚೆನ್ನಾಗಿತ್ತು. ಹುಷಾರಾಗೈತೆ ಅದು” ಅಂದರು. ಆಮೇಲೆ, ದೀಪ ಹಾಕಿ ವರ್ಷವಾಗುತ್ತ ಬಂತು, ಬದಲಾಯಿಸಿದ್ರಾ ಎಂದು ವಿಚಾರಿಸಿದರು.

“ಬದಲಾಯಿಸಿದೆ. ನೀನು ಮಾತ್ರೆ ತಗೋತಿದ್ದೀಯಾ?”

“ಹಲೋ? ಹಲೋ? ಕೇಳಿಸ್ತಿಲ್ಲ ಕಣವ್ವ. ಇಲ್ಲಿ ಸಿಗ್ನಲ್ ಸರಿಯಿಲ್ಲ.”

“ವಿಡಿಯೊ ಹಾಕು ಅಪ್ಪ. ಹೆಂಗೆ ಕೂತಿದ್ದೀಯ ನೋಡ್ತೀನಿ.”